ಮೈದಾನದ ಮಾತು: ಹೈಸ್ಕೂಲು ಯಾವ್ದು ಹಿಡೀಬೇಕು, ಕಾಲೇಜಿನವ್ರ ಕಣ್ಣಿಗೆ ಹೆಂಗ ಬೀಳ್ಬೇಕು

ಪ್ರಶ್ನೆ: ಸರ, ನಮಸ್ಕಾರ್ರಿ. ನಮ್ದು ಸಿರುಗುಪ್ಪ ತಾಲೂಕಿನ ಹಳ್ಳಿ, ಮೂರು ಎಕರೆ ಭತ್ತದ ಗದ್ದೆ ಐತಿ. ಮಗಳು ಊರ ಸರ್ಕಾರಿ ಶಾಲ್ಯಾಗ 7ನೇ ಕ್ಲಾಸು, ಕನ್ನಡ ಮೀಡಿಯಂ. ಈ ವರ್ಷ 600 ಮೀಟರ್ ಓಟದಾಗ ಹೋಬಳಿ, ತಾಲೂಕು ಎರಡೂ ಗೆದ್ದು ಜಿಲ್ಲಾದಾಗ ಎರಡನೇದು ಬಂದ್ಲು. ಈಗ 8ನೇತ್ತಕ್ಕ ಎಲ್ಲಿ ಹಾಕ್ಬೇಕು ಅನ್ನೋದೇ ಮನ್ಯಾಗ ದಿನಾ ಮಾತು. ಊರಾಗಿನ ಹೈಸ್ಕೂಲ್ ಒಂದು, ಸರ್ಕಾರದ ಕ್ರೀಡಾ ಹಾಸ್ಟೆಲ್ ಒಂದು, ಇನ್ನೊಂದು ಬಳ್ಳಾರಿಯ ಒಂದು ಪ್ರೈವೇಟ್ ಸಿಬಿಎಸ್‌ಇ ಸ್ಕೂಲು, ಅವ್ರು ಅರ್ಧ ಫೀ ಮಾಫಿ ಮಾಡ್ತೀವಿ ಅಂತ ಅವ್ರೇ ಫೋನ್ ಮಾಡಿದ್ರು. ಮುಂದ ಮಂಗಳೂರು ಕಡೆ ಕಾಲೇಜಿನವ್ರು ಓಡೋ ಹುಡುಗೀರಿಗೆ ಊಟ, ಹಾಸ್ಟೆಲ್, ಫೀ ಎಲ್ಲಾ ಫ್ರೀ ಕೊಡ್ತಾರಂತ ಕೇಳೀನಿ, ಆಕಿ ಅಲ್ಲಿಗೆ ಮುಟ್ಟಬೇಕಂದ್ರ ಯಾವ ಶಾಲೆ ಹಿಡೀಬೇಕು ಹೇಳ್ರಿ.

ಉತ್ತರ: ಅಣ್ಣಾರ, ನಿಮ್ ಉದ್ದನೆ ಪತ್ರ ಎರಡು ಸಲ ಓದಿದೆ, ಮ್ಯಾಲ ಅದನ್ನ ಸಣ್ಣದು ಮಾಡಿ ಹಾಕೀವಿ, ಮೂರು ಶಾಲೆ ಬಗ್ಗೆನೂ ಚೊಲೋ ಬರ್ದೀರಿ, ಕಟ್ಟಡ ಹೆಂಗೈತಿ, ಫೀ ಎಷ್ಟು, ಬಸ್ಸು ಎಷ್ಟೊತ್ತಿಗೆ, ಎಲ್ಲಾ ಐತಿ, ಆದ್ರ ಬರೋ ಜೂನ್ ತಿಂಗಳು ಮುಂಜಾನೆ ಆರಕ್ಕ ನಿಮ್ ಮಗಳ ಜೋಡಿ ಗ್ರೌಂಡಿನ್ಯಾಗ ಯಾರು ನಿಂತಿರ್ತಾರ ಅನ್ನೋದು ಮೂರರಾಗ ಒಂದರ ಬಗ್ಗೆನೂ ಬರ್ದಿಲ್ಲ. ನಾನು ಮೂವತ್ತು ವರ್ಷ ಪಿಟಿ ಮಾಸ್ತರಕಿ ಮಾಡ್ದಂವ, ನನಗ ಗೊತ್ತಿರೋ ಮಟ್ಟಿಗೆ ಹುಡುಗರ ಓಟ ಉಳಿಯೋದೂ ಅಲ್ಲೇ, ಕೆಡೋದೂ ಅಲ್ಲೇ.

ನನ್ನ ಕೈಯಾಗಿನ ಒಬ್ಬ ಹುಡುಗಿ ಕಥಿ ಹೇಳ್ತೀನಿ. 400 ಮೀಟರ್ ಓಡ್ತಿದ್ಲು, ವಿಭಾಗ ಮಟ್ಟಕ್ಕ ಹೋಗಿ ಬಂದಾಕಿ. ಒಂದು ಪ್ರೈವೇಟ್ ಶಾಲೆಯವ್ರು ಬಂದು ದೊಡ್ಡ ಕೋಚ್ ಅದಾರ, ಜಿಮ್ ಐತಿ ಅಂತ ಕರ್ಕೊಂಡು ಹೋದ್ರು, ನಾನೂ ಹೋಗವ್ವಾ ಅಂದೆ. ಹೋದ ಎರಡನೇ ತಿಂಗಳಿಗೆ ಆ ಕೋಚ್ ಬ್ಯಾರೆ ಕಡೆ ಕೆಲಸಕ್ಕ ಹೋದ್ರು, ಆ ಮ್ಯಾಲ ಆ ಹುಡುಗೀನ ನೋಡ್ಕೊಂಡಿದ್ದು ಯಾರಂದ್ರ ಡ್ರಿಲ್ ಮಾಡಿಸೋ ಒಬ್ಬ ಮೇಷ್ಟ್ರು, ವಾರಕ್ಕ ಎರಡು ಪೀರಿಯಡ್. 10ನೇತ್ತಕ್ಕ ಬಂದಾಗ ಅದೂ ನಿಲ್ಲಿಸಿದ್ರು, ರಿಸಲ್ಟ್ ಕೆಡ್ತೈತಿ ಅಂತ. ಆಕಿ ಎಸ್ಸೆಸ್ಸೆಲ್ಸಿ ಪಾಸಾದ್ಲು, ಓಟ ಅಲ್ಲಿಗೇ ಮುಗೀತು. ಹೋಗವ್ವಾ ಅಂದದ್ದು ನಾನೇ ಅನ್ನೋದು ಇವತ್ತಿಗೂ ನನ್ನ ಮನಸಿನ್ಯಾಗ ಕೂತೈತಿ, ಅದಕ್ಕ ನಿಮಗ ಇಷ್ಟು ಉದ್ದ ಬರೀತಾ ಇದ್ದೀನಿ.

ಮೊದ್ಲು ಕಾಲೇಜಿನವ್ರು ಹೆಂಗ ಆರಿಸ್ತಾರ ಅದನ್ನ ತಿಳ್ಕೊಳ್ರಿ. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ಇಂಥಾ ಕಡೆ ಆಟಗಾರರನ್ನ ಪೂರಾ ತಾವೇ ನೋಡ್ಕೊಂಡು ಓದಿಸೋ ಪದ್ಧತಿ ಐತಿ, ಬೆಂಗಳೂರಿನ ಜೈನ್ ಯೂನಿವರ್ಸಿಟಿನೂ ಕ್ರೀಡೆಗೆ ದೊಡ್ಡ ಹೆಸರು, 2022ರಾಗ ಬೆಂಗಳೂರಾಗ ನಡೆದ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಚಾಂಪಿಯನ್ ಅವ್ರೇ. ಅವ್ರಿಗೆ ಬೇಕಾಗಿರೋದು ಅಂತರ ವಿಶ್ವವಿದ್ಯಾಲಯ ಮೀಟ್‌ನ್ಯಾಗ ಪಾಯಿಂಟ್ ತರೋ ಹುಡುಗರು, ಹಂಗಾಗಿ ಅವ್ರು ನೋಡೋದು ಪಿಯು ರಾಜ್ಯ ಮಟ್ಟದ ಮೀಟು, ಅಥ್ಲೆಟಿಕ್ಸ್ ಅಸೋಸಿಯೇಷನ್ನಿನ ಜೂನಿಯರ್ ಮೀಟು, ಅಲ್ಲಿನ ಟೈಮಿಂಗು. 7ನೇತ್ತ, 8ನೇತ್ತದ ಮೆಡಲ್ ಯಾರೂ ಕೇಳಂಗಿಲ್ಲ. ಅಂದ್ರ ನಿಮ್ ಮಗಳಿಗೆ ಇನ್ನೂ ಐದು ವರ್ಷ ಐತಿ, ಈಗ ಆರಿಸೋ ಹೈಸ್ಕೂಲಿನ ಕೆಲಸ ಒಂದೇ, ಆಕೀನ ಕಾಲು ನೋವಿಲ್ದಂಗ, ಓದು ಬಿಡ್ದಂಗ, ಓಟದ ಮ್ಯಾಲಿನ ಆಸೆ ಸಾಯ್ದಂಗ ಪಿಯುಸಿ ಬಾಗಿಲಿಗೆ ತಂದು ನಿಲ್ಸೋದು. 8ನೇತ್ತದಾಗೇ ಸ್ಟೇಟ್ ಮೆಡಲ್ ತಂದು ಕೊಡ್ತೀವಿ ಅನ್ನೋ ಶಾಲೆ ಕಂಡ್ರ ನನಗ ಹೆದರಿಕಿ.

ಇನ್ನೊಂದು ಮಾತು, ಇದನ್ನ ಮನ್ಯಾಗ ತಂಗ್ಯವ್ವನ, ಅಂದ್ರ ಆಕಿ ತಾಯಿ ಕಡೆಯಿಂದಾನೂ ಓದಿಸ್ರಿ. 13ರಿಂದ 15ರ ತನಕ ಹೆಣ್ಣುಮಕ್ಕಳ ಮೈ ಬದಲಾಗ್ತೈತಿ, ಎತ್ತರ ಆಗ್ತಾರ, ತೂಕ ಬರ್ತೈತಿ, ಮುಟ್ಟು ಶುರು ಆಗ್ತೈತಿ, ಹಿಂದಿನ ವರ್ಷ ಗೆದ್ದಾಕಿ ಈ ವರ್ಷ ಅದೇ ಟೈಮಿಂಗ್ ಬಾರದೆ ಒದ್ದಾಡ್ತಾಳ, ಒಂದೊಂದ್ಸಲ ಎರಡು ವರ್ಷ ಹಂಗೇ ನಿಂತುಬಿಡ್ತಾಳ. ಇದು ಸೋಮಾರಿತನ ಅಲ್ಲ. ಅದನ್ನ ತಿಳಿದ ಮಾಸ್ತರ ಇದ್ರ ತಡೀತಾರ, ತಿಳೀದಂವ ಬೈದು ಓಡಿಸಿ ಊಟ ಕಡಿಮೆ ಮಾಡು ಅಂತಾನ, ಆಗ ಹುಡುಗಿ ಕೈ ಬಿಟ್ಟು ಹೋದಂಗೇ. ವರ್ಷಕ್ಕ ಎರಡು ಸಲ ಹತ್ರದ ಸರ್ಕಾರಿ ಆಸ್ಪತ್ರ್ಯಾಗ ಹೀಮೋಗ್ಲೋಬಿನ್ ನೋಡಿಸ್ರಿ, ಈ ವಯಸ್ಸಿನ ಹೆಣ್ಣುಮಕ್ಕಳಿಗೆ 12ಕ್ಕಿಂತ ಕೆಳಗಿದ್ರ ರಕ್ತ ಕಮ್ಮಿ ಅಂತಾನೇ ಲೆಕ್ಕ, ರಕ್ತ ಇಲ್ದ 600 ಮೀಟರ್ ಎಲ್ಲಿಂದ ಓಡ್ಬೇಕು. ಕೊನೀ 150 ಮೀಟರ್‌ನ್ಯಾಗ ಕಾಲು ಕಲ್ಲಾಗ್ತಾವ ಅಂತ ಆಕಿ ಅಂದ್ರ ಮೊದ್ಲು ರಕ್ತ ನೋಡಿಸ್ರಿ, ಆಮ್ಯಾಲ ಪ್ರಾಕ್ಟೀಸ್ ಜಾಸ್ತಿ ಮಾಡಿಸ್ರಿ. ಶಾಲ್ಯಾಗ ಕೊಡೋ ಮೊಟ್ಟೆ ತಿನ್ನಲಿ, ಮನ್ಯಾಗ ಜ್ವಾಳದ ರೊಟ್ಟಿ, ಹೆಸರು ಕಾಳು, ಶೇಂಗಾ ಬೆಲ್ಲ ಇದ್ರ ಡಬ್ಬಿ ಪೌಡರ್ ಯಾವ್ದೂ ಬ್ಯಾಡ.

ಈಗ ಪ್ರೈವೇಟ್ ಶಾಲೆ ವಿಷಯ. ಅರ್ಧ ಫೀ ಮಾಫಿ ಅಂತ ನೀವು ಖುಷಿಯಾಗೀರಿ, ಆದ್ರ ಅದಕ್ಕ ಬದಲಿ ಏನು ಬಿಟ್ಟು ಕೊಡ್ತೀರಿ ಅನ್ನೋದನ್ನ ಯಾರೂ ನಿಮಗ ಹೇಳಿಲ್ಲ ಅನ್ಸ್ತೈತಿ. ಸಿಇಟಿ ಸೀಟಿನ್ಯಾಗ ಗ್ರಾಮೀಣದವ್ರಿಗೆ 15 ಪರ್ಸೆಂಟ್, ಕನ್ನಡ ಮಾಧ್ಯಮದವ್ರಿಗೆ 5 ಪರ್ಸೆಂಟ್ ಮೀಸಲಾತಿ ಐತಿ, ಎರಡಕ್ಕೂ 1ರಿಂದ 10ನೇತ್ತದ ತನಕ ಪೂರಾ ಹತ್ತು ವರ್ಷ ಹಂಗೇ ಓದಿರ್ಬೇಕು. ಏಳು ವರ್ಷ ಹಳ್ಳ್ಯಾಗ ಕನ್ನಡದಾಗ ಓದಿದ ಹುಡುಗೀನ 8ನೇತ್ತಕ್ಕ ಬಳ್ಳಾರಿ ಇಂಗ್ಲಿಷ್ ಮೀಡಿಯಂಗೆ ಹಾಕಿದ್ರಂದ್ರ ಎರಡೂ ಒಂದೇ ದಿನಕ್ಕ ಹೋದ್ವು. ಓಟಗಾರ್ತಿಗೆ ಸಿಇಟಿ ಯಾಕ ಅನ್ಬ್ಯಾಡ್ರಿ, ಕಾಲು ಮುರಿದ್ರೂ ನೋವಾದ್ರೂ ಆಕಿ ಕೈಯಾಗ ಒಂದು ಅಗ್ರಿ ಸೀಟೋ ಇಂಜಿನಿಯರಿಂಗ್ ಸೀಟೋ ಹಿಡಿಯೋ ದಾರಿ ಇರ್ಬೇಕು, ಸ್ಪೋರ್ಟ್ಸ್ ಕೋಟಾ ಅಂತ ಇರೋ ಸೀಟು ಭಾಳ ಸ್ವಲ್ಪ, ಅದ್ರಾಗ ನ್ಯಾಷನಲ್ ಮೆಡಲ್ ತಂದವ್ರು ಮುಂದ ನಿಂತಿರ್ತಾರ. ನಮ್ಮ ಕಲ್ಯಾಣ ಕರ್ನಾಟಕದವ್ರ ಮೀಸಲಾತಿಯ 371ಜೆ ಸರ್ಟಿಫಿಕೇಟಿಗೆ ಮಾತ್ರ ಈ ತೊಂದ್ರೆ ಇಲ್ಲ, ಅದು ಹುಟ್ಟಿದ ಜಾಗ ಇಲ್ಲಂದ್ರ ಹತ್ತು ವರ್ಷದ ವಾಸದ ಮ್ಯಾಲ ನಿಂತಿರೋದು, ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿನ್ಯಾಗ ಕೊಡ್ತಾರ, ಅದನ್ನ ಮಾಡ್ಸಿ ಇಟ್ಕೊಳ್ರಿ.

ಆಟದ ದಾರಿನೂ ಬ್ಯಾರೆ ಆಗ್ತೈತಿ. ಈಗ ಆಕಿ ಹತ್ತಿದ ಮೆಟ್ಲು ಶಿಕ್ಷಣ ಇಲಾಖೆದು, ಹೋಬಳಿ, ತಾಲೂಕು, ಜಿಲ್ಲಾ, ಆಮ್ಯಾಲ ಕಲಬುರಗಿ ವಿಭಾಗ, ಆಮ್ಯಾಲ ರಾಜ್ಯ, ಅಲ್ಲಿಂದ ಸ್ಕೂಲ್ ಗೇಮ್ಸ್ ಫೆಡರೇಷನ್ನಿನ ನ್ಯಾಷನಲ್ಸು. ಸಿಬಿಎಸ್‌ಇದವ್ರು ಅದೇ ಫೆಡರೇಷನ್ನಿನ್ಯಾಗ ತಮ್ಮದೇ ಬ್ಯಾರೆ ಯೂನಿಟ್, ಅವ್ರದ್ದು ಕ್ಲಸ್ಟರ್ ಮೀಟು, ಅಂದ್ರ ಒಂದು ಭಾಗದ ಸಿಬಿಎಸ್‌ಇ ಶಾಲೆಗಳದ್ದೇ ಮೀಟು. ಅದು ಕೆಟ್ಟದ್ದು ಅಂತಲ್ಲ, ಆದ್ರ ಆ ಶಾಲೆಯವ್ರು ಹೋದ ವರ್ಷ ಕ್ಲಸ್ಟರ್‌ಗೆ ನಿಜವಾಗ್ಲೂ ಹುಡುಗೀರನ್ನ ಕರ್ಕೊಂಡು ಹೋಗಿದ್ರೋ ಇಲ್ಲೋ, ಎಷ್ಟು ಮಂದೀನ, ಯಾವ ಊರಿಗೆ, ಜೋಡಿ ಹೋದ ಟೀಚರ್ ಯಾರು, ಇಷ್ಟು ಕೇಳ್ರಿ. ಫೋಟೋ ತೋರ್ಸಿದ್ರ ಅದ್ರಾಗಿನ ಹುಡುಗಿ ಈಗ ಎಲ್ಲಿ ಅದಾಳ ಅಂತ ಕೇಳ್ರಿ, ಆಕಿ ಅಪ್ಪನ ನಂಬರ್ ಇಸ್ಕೊಂಡು ಮಾತಾಡ್ರಿ. ಆ ಅಪ್ಪ ಹೇಳೋದು ಪ್ರಿನ್ಸಿಪಾಲ್ ಹೇಳೋದಕ್ಕಿಂತ ನಿಮಗ ಭಾಳ ಉಪಯೋಗ ಬರ್ತೈತಿ.

ಸರ್ಕಾರದ ಕ್ರೀಡಾ ಹಾಸ್ಟೆಲ್ ಬಗ್ಗೆ ನನ್ನ ಮನಸು ಒಲೀತೈತಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಡೆಸೋದು, 8ನೇತ್ತಕ್ಕ ಸೇರೋರನ್ನ ಕಿರಿಯರ ವಿಭಾಗಕ್ಕ ತಗೋತಾರ, ಪಿಯುಸಿಗೆ ಹಿರಿಯರ ವಿಭಾಗ ಬ್ಯಾರೆ. ಊಟ, ವಸತಿ, ಕೋಚಿಂಗ್, ಶೂ ಡ್ರೆಸ್ಸು ಸರ್ಕಾರದ್ದೇ, ಓದೋದು ಹತ್ರದ ಶಾಲ್ಯಾಗ. ಸೆಲೆಕ್ಷನ್‌ನ್ಯಾಗ ಮೆಡಲ್ ಒಂದೇ ನೋಡಂಗಿಲ್ಲ, ಎತ್ತರ ತೂಕ ಅಳೀತಾರ, 30 ಮೀಟರ್ ಓಟ, ನಿಂತ ಜಾಗದಿಂದ ಉದ್ದ ಜಿಗಿತ, ನಿಂತಲ್ಲೇ ಮ್ಯಾಲ ಜಿಗಿಯೋದು, ಗುಂಡು ಎಸೆತ, ಶಟಲ್ ರನ್, 800 ಮೀಟರ್, ಇಂಥಾವೆಲ್ಲಾ ಮಾಡಿಸ್ತಾರ. 600 ಓಡೋಳಿಗೆ 800 ಕಷ್ಟ ಇಲ್ಲ, ಗುಂಡು ಎಸೆತ, ನಿಂತ ಜಿಗಿತ ಮಾತ್ರ ಇವತ್ತಿಂದಾನೇ ಮನಿ ಮುಂದ ಕಲಿಸ್ರಿ, ಅಲ್ಲೇ ಹಳ್ಳಿ ಹುಡುಗರು ಮಾರ್ಕ್ಸ್ ಕಳ್ಕೊಳ್ಳೋದು. ಜಿಲ್ಲಾ ಕ್ರೀಡಾಂಗಣದಾಗಿರೋ ಇಲಾಖೆ ಆಫೀಸಿಗೆ ನೀವೇ ಹೋಗಿ ಈ ಸಲದ ಸೆಲೆಕ್ಷನ್ ಯಾವಾಗ, ಏನೇನು ಕಾಗದ ಬೇಕು ಕೇಳ್ಕೊಂಡು ಬರ್ರಿ, ಪೇಪರ್ನ್ಯಾಗ ಬರ್ತೈತಿ ಅಂತ ಕಾದವ್ರು ಎಷ್ಟೋ ಮಂದಿ ತಪ್ಪಿಸ್ಕೊಂಡಾರ. ಹಾಸ್ಟೆಲ್ ಪಟ್ಟಣದಾಗಿದ್ರ ಗ್ರಾಮೀಣ ಮೀಸಲಾತಿ ಹೋಗ್ತೈತಿ, ಅದು ನಿಜ, ಆದ್ರ ಕನ್ನಡ ಮೀಡಿಯಂ ಶಾಲ್ಯಾಗ ಹಾಕಿಸಿದ್ರ ಅದೊಂದು ಉಳೀತೈತಿ. ಸೇರಿಸೋಕಿಂತ ಮುಂಚೆ ತಂಗ್ಯವ್ವ ಒಬ್ಬಾಕಿನೇ ಹೋಗಿ ಹೆಣ್ಣುಮಕ್ಕಳ ಕೋಣಿ, ಬಾತ್‌ರೂಮು, ರಾತ್ರಿ ವಾರ್ಡನ್ ಯಾರು, ಮನಿಗೆ ಫೋನ್ ಮಾಡಾಕ ಬಿಡ್ತಾರೋ ಇಲ್ಲೋ ಎಲ್ಲಾ ನೋಡಿ ಬರ್ಲಿ, ಅಲ್ಲಿರೋ ಹುಡುಗೀರ ಜೋಡಿ ಕೂತು ಮಾತಾಡ್ಲಿ. ಗಂಡಸರಿಗೆ ಆ ಹುಡುಗೀರು ಎಲ್ಲಾ ಹೇಳಂಗಿಲ್ಲ.

ಸೆಲೆಕ್ಷನ್ ಆಗ್ಲಿಲ್ಲ ಅಂದ್ರ? ಊರ ಹೈಸ್ಕೂಲಿಗೇ ಹಾಕ್ರಿ, ಅದ್ರಾಗ ನಾಚಿಕಿ ಏನಿಲ್ಲ. ಆದ್ರ ಅಲ್ಲಿ ದೈಹಿಕ ಶಿಕ್ಷಕರ ಹುದ್ದೆ ತುಂಬೈತೋ ಖಾಲಿ ಐತೋ ನೋಡ್ರಿ, ಖಾಲಿ ಇದ್ರ ಸುತ್ತಲಿನ ನಾಲ್ಕೈದು ಊರಾಗ ಒಳ್ಳೆ ಪಿಟಿ ಮಾಸ್ತರ ಇರೋ ಸರ್ಕಾರಿ ಹೈಸ್ಕೂಲು ಯಾವ್ದು ಹುಡುಕಿ, ಸೈಕಲ್ ಮ್ಯಾಲ ಕಳ್ಸಿದ್ರೂ ಚಿಂತಿಲ್ಲ, ಅಲ್ಲಿಗೆ ಹಾಕ್ರಿ. ಶಾಲೆ ಮೀಟ್ ಒಂದೇ ನಂಬ್ಕೊಂಡು ಕೂರಬ್ಯಾಡ್ರಿ, ಜಿಲ್ಲಾ ಅಥ್ಲೆಟಿಕ್ಸ್ ಅಸೋಸಿಯೇಷನ್ ಕಡೆಯಿಂದ ನಿಡ್ಜಾಮ್ ಅಂತ ದೇಶದ ಎಲ್ಲಾ ಜಿಲ್ಲಾ ಟೀಮುಗಳ ಮೀಟ್ ನಡೀತೈತಿ, 14ರ ಒಳಗ, 16ರ ಒಳಗ ಅಂತ ಎರಡು ಗುಂಪು, ಅದ್ರ ಜಿಲ್ಲಾ ಟ್ರಯಲ್ಸಿಗೆ ತಪ್ಪದೆ ಕರ್ಕೊಂಡು ಹೋಗ್ರಿ. ತೋರಣಗಲ್ಲಿನ ಹತ್ರ ವಿಜಯನಗರ ಟೌನ್‌ಶಿಪ್‌ನ್ಯಾಗ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಐತಲ್ಲ, ನೀರಜ್ ಚೋಪ್ರಾ ಅಭ್ಯಾಸ ಮಾಡಿದ ಜಾಗ ಅದು, ನಮ್ಮ ಜಿಲ್ಲಾದಾಗೇ ಇರೋದು, ಅಲ್ಲಿ ಟ್ರಯಲ್ಸ್ ಇದ್ದಾಗ ಒಮ್ಮೆ ಓಡ್ಸಿ ನೋಡ್ರಿ, ಆಗ್ಲಿಲ್ಲ ಅಂದ್ರ ಬಸ್ ಚಾರ್ಜ್ ಅಷ್ಟೇ ಹೋಗೋದು.

ಸರ್ಕಾರಿ ಶಾಲೆಯಿಂದ ಏನಾಗ್ತೈತಿ ಅನ್ನೋರು ಬಂದ್ರ ಅವ್ರಿಗೆ ನಂದಿನಿ ಅಗಸರ ಹೆಸ್ರು ಹೇಳ್ರಿ. ತೆಲಂಗಾಣದ ಸಮಾಜ ಕಲ್ಯಾಣ ವಸತಿ ಶಾಲೆ ಹುಡುಗಿ, ಅಪ್ಪಂದು ಚಹಾ ಅಂಗಡಿ. ಹರ್ಡಲ್ಸ್ ಓಡ್ತಿದ್ದಾಕಿ ಆಮ್ಯಾಲ ಹೆಪ್ಟಾಥ್ಲಾನಿಗೆ ಬಂದು 2023ರಾಗ ಹಾಂಗ್‌ಝೌ ಏಷ್ಯನ್ ಗೇಮ್ಸಿನ್ಯಾಗ ಕಂಚು ತಂದ್ಲು, 2025ರಾಗ ಏಷ್ಯನ್ ಚಾಂಪಿಯನ್‌ಶಿಪ್‌ನ್ಯಾಗ ಚಿನ್ನ. ನಿಮ್ ಮಗಳ ಈವೆಂಟೂ ನಾಳೆ ಬದಲಾಗಬಹುದು, 600 ಓಡೋಳು 400 ಹರ್ಡಲ್ಸಿಗೋ 1500ಕ್ಕೋ ಹೋಗಬಹುದು, ಅದಕ್ಕ ಈಗಲೇ ಒಂದೇ ಈವೆಂಟಿಗೆ ಕಟ್ಟಿಹಾಕೋ ಕೋಚ್ ಬ್ಯಾಡ.

ಹುಟ್ಟಿದ ತಾರೀಕು ನೋಡ್ರಿ. ನಮ್ಮ ಕಡೆ ಅರ್ಧ ಊರಿನ ಹುಡುಗರದ್ದು ಶಾಲಾ ದಾಖಲ್ಯಾಗ ಜೂನ್ 1 ಅಂತಾನೇ ಇರ್ತೈತಿ, ಸೇರಿಸೋ ದಿನ ಹೆಡ್ಮಾಸ್ತರು ಬರ್ದದ್ದು. ಜನನ ಪ್ರಮಾಣಪತ್ರ, ಆಧಾರ್, ಶಾಲೆ ರಿಜಿಸ್ಟರು ಮೂರೂ ಒಂದೇ ಇರೋ ಹಂಗ ಈಗಲೇ ಸರಿ ಮಾಡಿಸ್ರಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಬಂದ ಮ್ಯಾಲ ಭಾಳ ತ್ರಾಸು. ಸರ್ಟಿಫಿಕೇಟ್ ಎಲ್ಲಾ ಒಂದು ಫೈಲಿನ್ಯಾಗ ಇಡ್ರಿ, 8ನೇತ್ತದಿಂದ ಒಂದೂ ಕಳೀಬಾರ್ದು, ಪ್ರತಿ ಮೀಟಿನ ಟೈಮಿಂಗ್ ನೋಟ್‌ಬುಕ್ಕಿನ್ಯಾಗ ಆಕಿ ಕೈಯಿಂದಾನೇ ಬರೆಸ್ರಿ.

ಪ್ರಶ್ನೆ: ಸರ್, ನಾವು ರಾಯಚೂರಿನವರು. ಮಗ 8ನೇ ಕ್ಲಾಸ್, ಹೈಜಂಪ್ ಚೆನ್ನಾಗಿ ಮಾಡ್ತಾನ. ಅಮೆರಿಕದಾಗ ಇರೋ ನಮ್ಮ ಮೈದುನ ಅಲ್ಲಿನ ಕಾಲೇಜಿನವರು ಆಟಗಾರರಿಗೆ ಸ್ಕಾಲರ್‌ಶಿಪ್ ಕೊಟ್ಟು ಕರೆಸ್ಕೋತಾರ, ಅದಕ್ಕ ಈಗಲೇ ಇಂಟರ್‌ನ್ಯಾಷನಲ್ ಸ್ಕೂಲಿಗೆ ಹಾಕ್ರಿ ಅಂತಾನ. ಹಾಕಲೇಬೇಕಾ?

ಉತ್ತರ: ಇಲ್ಲಮ್ಮ, ಹಾಕಲೇಬೇಕು ಅಂತೇನಿಲ್ಲ. ನಿಮ್ ಮೈದುನ ಹೇಳಿದ್ದು ಸುಳ್ಳಲ್ಲ, ದಿಲ್ಲಿಯ ತೇಜಸ್ವಿನ್ ಶಂಕರ್ ಇದೇ ಹೈಜಂಪಿನ್ಯಾಗ 2017ರಾಗ ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಗೆ ಸ್ಕಾಲರ್‌ಶಿಪ್ ಮ್ಯಾಲ ಹೋದ, 2018ರಾಗ, 2022ರಾಗ ಅಲ್ಲಿನ ಕಾಲೇಜು ಚಾಂಪಿಯನ್ ಆದ. ಆತ ಮೊದ್ಲು ಕ್ರಿಕೆಟ್ ಆಡ್ತಿದ್ದ ಹುಡುಗ, ಹೈಜಂಪಿಗೆ ತಿರುಗಿಸಿದ್ದು ಶಾಲೆಯ ಪಿಟಿ ಟೀಚರು.

ಅಲ್ಲಿ ಕಾಲೇಜು ಕ್ರೀಡೆ ನಡೆಸೋ ದೊಡ್ಡ ಸಂಸ್ಥೆ ಎನ್‌ಸಿಎಎ, ಕಾಲೇಜುಗಳನ್ನ ಮೂರು ಡಿವಿಷನ್ ಅಂತ ಹಂಚಿರ್ತಾರ. ಅವ್ರ ಲೆಕ್ಕದಾಗ ಹೈಸ್ಕೂಲು ಅಂದ್ರ 9ರಿಂದ 12. ನಮ್ಮಲ್ಲಿ 9ನೇ ಕ್ಲಾಸಂದ್ರ ಯಾರೂ ತಲಿ ಕೆಡಿಸ್ಕೊಳ್ಳಂಗಿಲ್ಲ, 10ನೇದು ಬಂದಾಗ ಓದಿದ್ರಾಯ್ತು ಅಂತಾರ, ಅಲ್ಲಿ ಹಂಗಲ್ಲ, 9ನೇದರ ಮಾರ್ಕ್ಸೂ ಲೆಕ್ಕಕ್ಕ ಬರ್ತೈತಿ. ಮೊದಲನೇ ಡಿವಿಷನ್ನಿಗೆ 16 ಮುಖ್ಯ ಕೋರ್ಸು ಬೇಕು, ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು ವರ್ಷ, ವಿಜ್ಞಾನ ಎರಡು, ಸಮಾಜ ಎರಡು, ಉಳಿದದ್ದು ಇಂಥಾವೇ, ಅದ್ರಾಗ ಜಿಪಿಎ, ಅಂದ್ರ ಸರಾಸರಿ ಗ್ರೇಡು, 4ಕ್ಕ 2.3 ಬರ್ಬೇಕು. ಇದೇನು ದೊಡ್ಡ ಗುಡ್ಡ ಅಲ್ಲ, ನೆಟ್ಟಗ ಓದೋ ಸ್ಟೇಟ್ ಸಿಲೆಬಸ್ ಹುಡುಗನಿಗೂ ಆಗ್ತೈತಿ, ಪಿಯುಸಿದಾಗ ಗಣಿತ ಬಿಡೋಕಿಂತ ಮೊದ್ಲು ಮಾತ್ರ ಎರಡು ಸಲ ಯೋಚ್ನೆ ಮಾಡ್ರಿ, 3 ವರ್ಷದ ಲೆಕ್ಕ ಕಮ್ಮಿ ಬೀಳಬಾರ್ದು. ಮೂರನೇ ಡಿವಿಷನ್ ಕಾಲೇಜುಗಳು ಆಟಕ್ಕ ಅಂತ ಸ್ಕಾಲರ್‌ಶಿಪ್ ಕೊಡೋದೇ ಇಲ್ಲ, ಹಾರ್ವರ್ಡ್‌ನಂಥ ಐವಿ ಲೀಗಿನವ್ರೂ ಕೊಡಂಗಿಲ್ಲ, ಉಳಿದ ಕಡೆನೂ ಪೂರಾ ಫ್ರೀ ಸಿಗೋದು ಕಮ್ಮಿ ಮಂದಿಗೆ, ಅರ್ಧ ಕಾಲು ಹಿಂಗ ಹಂಚಿರ್ತಾರ, ಮಿಕ್ಕಿದ್ದು ಡಾಲರ್‌ನ್ಯಾಗ ನೀವು ಕಟ್ಟಬೇಕು.

ಅಲ್ಲಿನ ಕೋಚ್‌ಗಳು ತಾವಾಗೇ ಹುಡುಗರ ಜೋಡಿ ಮಾತಾಡೋದು 10ನೇದು ಮುಗಿದ ಮ್ಯಾಲ, ಜೂನ್ 15ರಿಂದ. ಅಲ್ಲಿ ತನಕ ಯಾರಾದ್ರೂ ಏಜೆಂಟ್ ಅಂತ ಬಂದು ಲಕ್ಷಗಟ್ಟಲೆ ಕೇಳಿದ್ರ ಕೊಡಬ್ಯಾಡ್ರಿ, ಕೋಚ್‌ಗಳ ಇಮೇಲ್ ಕಾಲೇಜಿನ ವೆಬ್‌ಸೈಟಿನ್ಯಾಗೇ ಇರ್ತೈತಿ, ಮಗ ತಾನೇ ಇಂಗ್ಲಿಷ್‌ನ್ಯಾಗ ನಾಲ್ಕು ಸಾಲು ಬರ್ದು ಜಿಗಿತದ ವಿಡಿಯೋ, ಅಧಿಕೃತ ಮೀಟಿನ ಎತ್ತರ ಕಳಿಸ್ಲಿ. ಇಂಟರ್‌ನ್ಯಾಷನಲ್ ಸ್ಕೂಲಿಗೆ ಕಟ್ಟೋ ದುಡ್ಡಿನ್ಯಾಗ ಹೈಜಂಪ್ ಬಲ್ಲ ಒಬ್ಬ ಕೋಚ್, ಒಂದು ಒಳ್ಳೆ ಲ್ಯಾಂಡಿಂಗ್ ಬೆಡ್ ಇರೋ ಜಾಗ ಹುಡುಕ್ರಿ. ಮರಳಿನ ಮ್ಯಾಲ ಬೆನ್ನು ಹಾಕಿ ಜಿಗಿಯೋದು ಮಾತ್ರ ಯಾವ ಕಾರಣಕ್ಕೂ ಬ್ಯಾಡ, ಕುತ್ತಿಗಿ ಹೋಗ್ತೈತಿ.

ಪ್ರಶ್ನೆ: ಅಣ್ಣಾ, ಗಂಗಾವತಿಯಿಂದ ಬರೀತಿದೀನಿ, ಟೈಲರಿಂಗ್ ಮಾಡ್ತೀನಿ. ಮಗ 9ನೇದು ಮುಗಿಸ್ತಾ ಇದಾನ, ವಾಲಿಬಾಲ್ ಹುಚ್ಚು. ಒಂದು ಅಕಾಡೆಮಿಯವ್ರು ಬಂದು ಈಗಲೇ ಟಿಸಿ ತಗೊಂಡು ನಮ್ಮ ಶಾಲೆಗೆ ಬನ್ನಿ, 9ನೇದೇ ಇನ್ನೊಮ್ಮೆ ಓದಿಸ್ತೀವಿ, ವಯಸ್ಸು ಒಂದು ವರ್ಷ ಕಮ್ಮಿ ತೋರಿಸಿದ್ರೆ ಟೀಮಿನ್ಯಾಗ ಪಕ್ಕಾ, ಕಾಲೇಜ್ ಸೀಟು ನಮ್ಮ ಜವಾಬ್ದಾರಿ, ಒಂದೂವರೆ ಲಕ್ಷ ಅಡ್ವಾನ್ಸ್ ಅಂದ್ರು. ಸಂಘದಾಗ ಸಾಲ ತೆಗೀಲಾ?

ಉತ್ತರ: ತಂಗೀ, ತೆಗೀಬ್ಯಾಡ. ಕಾಲೇಜ್ ಸೀಟು ಕೊಡೋದು ಕಾಲೇಜು, ಅದನ್ನ ಮೂರು ವರ್ಷ ಮೊದ್ಲು ಪಕ್ಕಾ ಮಾಡೋ ಅಧಿಕಾರ ಯಾವ ಅಕಾಡೆಮಿಗೂ ಇಲ್ಲ. ವಯಸ್ಸು ಕಮ್ಮಿ ತೋರ್ಸೋದು ಮೋಸ, ದೊಡ್ಡ ಮೀಟುಗಳಾಗ ಕೈಯಿನ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ನೋಡ್ತಾರ, ಸಿಕ್ಕಿಬಿದ್ರ ಹೊರಗ ಹಾಕೋದು ನಿನ್ನ ಮಗನ್ನ, ಆ ಮನುಷ್ಯನ್ನಲ್ಲ. ಪಾಸಾದ ಹುಡುಗನ್ನ ಮತ್ತೆ ಅದೇ ಕ್ಲಾಸಿನ್ಯಾಗ ಕೂಡ್ರಿಸಿದ್ರ ಅವನ ಮನಸಿಗೆ ಏನಾಗ್ತೈತಿ ಅನ್ನೋದೂ ನೋಡು.

10ನೇದು ಇದ್ದ ಶಾಲ್ಯಾಗೇ ಮುಗಿಸ್ಲಿ. ದಿನಾ ಸಂಜಿ ಊರಾಗ ದೊಡ್ಡವ್ರ ಟೀಮು ಎಲ್ಲಿ ಆಡ್ತೈತಿ ಅಲ್ಲಿ ಹೋಗಿ ನಿಲ್ಲಲಿ, ಬಾಲ್ ಹೆಕ್ಕಿ ಕೊಟ್ಕೊಂತ ಶುರು ಮಾಡಿದ್ರೂ ಆರು ತಿಂಗಳಿಗೆ ಒಳಗ ಕರೀತಾರ, ನಮ್ಮ ಕಡೆ ಒಳ್ಳೆ ವಾಲಿಬಾಲ್ ಆಟಗಾರರು ಎಷ್ಟೋ ಮಂದಿ ಹಂಗೇ ಬಂದವ್ರು. ಎಸ್ಸೆಸ್ಸೆಲ್ಸಿ ಬರೆಯೋ ವರ್ಷನೇ ಕ್ರೀಡಾ ಇಲಾಖೆಯ ಹಿರಿಯರ ಹಾಸ್ಟೆಲ್ ಸೆಲೆಕ್ಷನ್ ಯಾವಾಗ ಅಂತ ಕೊಪ್ಪಳ ಜಿಲ್ಲಾ ಕ್ರೀಡಾಂಗಣದಾಗ ಕೇಳಿಸು, ವಾಲಿಬಾಲಿಗೆ ತಗೊಳ್ಳೋ ಹಾಸ್ಟೆಲ್ ಯಾವ್ಯಾವು ಅಂತಾನೂ ಅಲ್ಲೇ ಹೇಳ್ತಾರ. ಅವನ ಎತ್ತರ, ನಿಂತು ಕೈ ಎತ್ತಿದ್ರ ಎಷ್ಟು ಮುಟ್ತಾನ, ಜಿಗಿದ್ರ ಎಷ್ಟು ಮುಟ್ತಾನ, ಈ ಮೂರನ್ನ ಗೋಡೆ ಮ್ಯಾಲ ಸೀಮೆಸುಣ್ಣದಿಂದ ಗುರುತು ಹಾಕಿ ಟೇಪಿನಿಂದ ಅಳೆದು ನನಗ ಬರ್ದು ಕಳ್ಸು, ಟೇಪು ನಿನ್ನ ಮಷಿನ್ ಮ್ಯಾಲೇ ಇರ್ತೈತಲ್ಲ. ಸೆಟ್ಟರ್ ಆಗ್ತಾನೋ ಅಟ್ಯಾಕರ್ ಆಗ್ತಾನೋ ಅದ್ರ ಮ್ಯಾಲ ಮುಂದಿನ ಸಂಚಿಕ್ಯಾಗ ಬರೀತೀನಿ.